ಜಗಳದ ಬಣ್ಣ

"ಇವತ್ತೂ ನೋಡ್ದೆ ರೀ," ಎಂದಳು ಹೆಂಡತಿ, ಕೈಯಲ್ಲಿದ್ದ ಚೀಲ ಕೆಳಗಿಡುವ ಮೊದಲೇ. "ಆಸ್ಪತ್ರೆ ತಿರುವಿನಲ್ಲಿ. ಹಿಂದೇನೇ ಓಡ್ದೆ. ಸಿಗ್ಲಿಲ್ಲ."

ಪೇಂಟರ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳ ಒಂದು ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಓಡಿದ್ದಂತೂ ನಿಜ.

"ಯಾರದೋ ಗಾಡಿ ಇರುತ್ತೆ ಬಿಡು."

"ಯಾರದೋ ಗಾಡಿಗೆ ಆ ಬಣ್ಣ ಹೇಗೆ ಬರುತ್ತೆ? ಇಡೀ ಪ್ರಪಂಚದಲ್ಲಿ ಇದೊಂದೇ ಅಂತ ಜಂಬ ಕೊಚ್ಕೊಂಡಿದ್ದು ಯಾರು? ನೀವೇ ತಾನೆ?" ಅವಳು ಎದುರಿಗೇ ಕೂತಳು. "ಗುಜರಿಗೆ ಹಾಕ್ದೆ ಅಂದ್ರಿ. ನಾನು ಕಣ್ಣಾರೆ ನೋಡಿಲ್ಲ. ನಿಜ ಹೇಳಿ, ಮಗಳ ಗಾಡೀನ ಯಾರಿಗೆ ಕೊಟ್ರಿ?"

"ನಿನ್ನ ತಲೆ ಕೆಟ್ಟಿದೆ!" ಎಂದು ಅವನು ತಟ್ಟೆಯನ್ನು ಕುಕ್ಕಿದ.

ಅದೇ ಮಾತನ್ನು ಅವಳ ಅಕ್ಕ ಆಗಲೇ ಬೇರೆ ಥರ ಹೇಳಿದ್ದಳು. ಒಳ್ಳೆ ಡಾಕ್ಟ್ರಿದಾರೆ, ಸೋಮವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ, ನಿದ್ದೆಗೆ ಮಾತ್ರೆ ಕೊಡ್ತಾರೆ, ಎಲ್ಲ ಮರೆತುಹೋಗುತ್ತೆ ಎಂದು. ಮಗಳನ್ನು ಮರೆಸುವ ಮಾತ್ರೆ ಎಲ್ಲಿ ಸಿಗುತ್ತದೋ ಆ ದೊಡ್ಡಕ್ಕನಿಗೇ ಗೊತ್ತು. ಆದರೆ ಅವನೂ ಹೂಂ ಅಂದಿದ್ದ. ಗುಜರಿಯವನು ಆ ಸ್ಕೂಟರನ್ನು ಲಾರಿಗೆ ಎಸೆದಾಗ ಇನ್ನೊಂದು ತುದಿ ಹಿಡಿದಿದ್ದವನು ಅವನೇ. ಮಗಳ ಜೀವ ತೆಗೆದ ಅಪಘಾತದಲ್ಲಿ ಮುರಿದು ಮಡಚಿಕೊಂಡ ಆ ತಗಡು ಯಾವ ಬೀದಿಯಲ್ಲೂ ಓಡಲು ಸಾಧ್ಯವಿರಲಿಲ್ಲ. ಹಾಗಿದ್ದ ಮೇಲೆ ಹೆಂಡತಿ ನೋಡುತ್ತಿರುವುದು ಏನನ್ನು?

ಆ ಬಣ್ಣ ಹುಟ್ಟಿದ್ದೇ ಮಗಳ ಹಟದಿಂದ. ಯಾರೋ ಓಡಿಸಿ ಬಿಟ್ಟ ಹಳೇ ಸ್ಕೂಟರು ಮನೆಗೆ ಬಂದ ದಿನ ಅವಳು, "ಬಣ್ಣ ಹೊಡಿಯೋನ ಮಗಳು ಅಂದ್ಮೇಲೆ ನನ್ನ ಗಾಡಿಯಂಥ ಬಣ್ಣ ಇನ್ಯಾರ ಹತ್ರಾನೂ ಇರ್ಬಾರ್ದಪ್ಪ. ಬೀದಿ ತುದೀಲಿ ಬಂದ್ರೆ ಇಲ್ಲಿಂದಲೇ ಗೊತ್ತಾಗ್ಬೇಕು," ಎಂದಿದ್ದಳು. ಶೆಡ್ಡಿನಲ್ಲಿ ಒಂದು ಕಾರಿಗೆ ಕಲಸಿದ ನೀಲಿ ಉಳಿದಿತ್ತು, ಒಂದು ಜೀಪಿನ ಹಸಿರು ಉಳಿದಿತ್ತು. ಎರಡನ್ನೂ ಒಂದೇ ಡಬ್ಬಕ್ಕೆ ಸುರಿದು, ಕೈಗೆ ಬಂದಷ್ಟು ಕಾಗೆಬಂಗಾರದ ಪುಡಿ ಹಾಕಿ ತಿರುವಿದ್ದ. ಇನ್ನೊಮ್ಮೆ ಕಲಸು ಎಂದರೆ ಅವನಿಂದಲೂ ಆಗುವುದಲ್ಲ. "ನೋಡಮ್ಮ, ಕಾಗೆಬಂಗಾರ ಬಿಟ್ರೆ ಬೇರೆ ಬಂಗಾರ ಹಾಕೋನಲ್ಲ ನಿನ್ನ ಗಂಡ," ಎಂದು ಮಗಳು ತಾಯಿಗೆ ಚಾಡಿ ಹೇಳಿದ್ದಳು.

ಕಾಗೆಬಂಗಾರ ಮಿಂಚಬೇಕಾದರೆ ತಳದಲ್ಲಿ ಕಪ್ಪು ಇರಬೇಕು. ಬಿಳಿಯ ಮೇಲೆ ಹೊಡೆದರೆ ಸಪ್ಪೆ. ಅದಕ್ಕೇ ಅವನು ಮೊದಲು ತಗಡಿಗೆಲ್ಲ ಕಡುಗಪ್ಪು ಹೊಡೆದು ಒಣಗಿಸಿ, ಅದರ ಮೇಲೆ ಈ ಬಣ್ಣವನ್ನು ಉಸಿರು ಬಿಟ್ಟಷ್ಟು ತೆಳುವಾಗಿ ಬಿಟ್ಟಿದ್ದ. ಗಾಡಿಯನ್ನು ಬಿಸಿಲಿಗೆ ತಂದಾಗ ಆ ಪಕ್ಕ ನಿಂತಿದ್ದ ಹೆಂಡತಿ "ನವಿಲಿನ ಕತ್ತಿನ ನೀಲಿ" ಎಂದಳು. ಈ ಪಕ್ಕದಲ್ಲಿದ್ದ ಅವನು "ಎಲ್ಲಿಯ ನೀಲಿ? ಕಣ್ಣು ತೊಳ್ಕೊಂಡು ಬಾ, ಹಸಿರು ಅದು," ಎಂದ. ಇಬ್ಬರ ದನಿಯೂ ಏರಿತು. ಮಗಳು ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದಕ್ಕೆ ಹೆಸರು ಸಿಕ್ತು. ಜಗಳ." ಅಂದಿನಿಂದ ಮನೆಯಲ್ಲಿ ಆ ಸ್ಕೂಟರಿನ ಹೆಸರೂ ಅದೇ. ಜಗಳ ಎಲ್ಲಿ ನಿಲ್ಸಿದೀಯೇ? ಜಗಳಕ್ಕೆ ಪೆಟ್ರೋಲ್ ಹಾಕಿಸ್ದ್ಯಾ?

ಮರುದಿನ ಅವನು ಪ್ರೈಮರ್ ತರಲು ಪೇಟೆಗೆ ಹೋಗಿ ಆಸ್ಪತ್ರೆ ರಸ್ತೆಯಿಂದಲೇ ಹಿಂತಿರುಗುತ್ತಿದ್ದ. ಬೇಕೆಂದೇ ಆ ದಾರಿ ಹಿಡಿದನೋ ಏನೋ. ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳ ಮುಂದಿನ ಸಾಲಿನಲ್ಲಿ ಅದು ಇತ್ತು. ಬಿಸಿಲು ನೇರವಾಗಿ ಬಿದ್ದು ಹಸಿರಾಗಿ ಉರಿಯುತ್ತಿತ್ತು. ಹೊರಟು ಸ್ವಲ್ಪ ವಾಲಿದಾಗ ನೀಲಿ ಇಣುಕಿತು. ಆಮೇಲೆ ಎತ್ತರದ ಕಟ್ಟಡವೊಂದರ ನೆರಳಿಗೆ ನುಗ್ಗಿದ್ದೇ ತಡ, ಯಾರೋ ಒರೆಸಿ ಹಾಕಿದ ಹಾಗೆ ಇಲ್ಲವಾಯಿತು. ಹಿಂದಿನವರು ಹಾರನ್ ಹೊಡೆದರು, ಬೈದರು. ಅವನಿಗೆ ಗೇರು ಸಿಗಲಿಲ್ಲ.

ಶೆಡ್ಡಿಗೆ ಬಂದವನೇ ಡಬ್ಬಗಳನ್ನಿಟ್ಟ ಹಲಗೆಯನ್ನು ನೋಡಿದ. ಯಾವ ಡಬ್ಬದಲ್ಲಿ ಯಾವ ಬಣ್ಣ ಎಂದು ತಿಳಿಯಲು ಮುಚ್ಚಳದ ಮೇಲೆ ಅದೇ ಬಣ್ಣದ ಒಂದು ಬೊಟ್ಟು ಇಡುವುದು ಅಲ್ಲಿಯ ರೂಢಿ. ಸಾಲಿನ ಕೊನೆಯಲ್ಲಿ ಇರಬೇಕಾದ, ಮಗಳ ಗಾಡಿಗೆ ಹೊಡೆದು ಉಳಿದ ಡಬ್ಬದ ಬೊಟ್ಟು ಇರಲಿಲ್ಲ.

ಜೊತೆಗೆ ಕೆಲಸ ಮಾಡುವ ಭಾವಮೈದ, ಹೆಂಡತಿಯ ತಮ್ಮ, ಒಂದು ಕಾರಿನ ಬಾಗಿಲಿಗೆ ವಾಟರ್ ಪೇಪರ್ ಉಜ್ಜುತ್ತ ಕೂತಿದ್ದ. ಭಾವನ ಮುಖ ನೋಡಿ ಎದ್ದು ನಿಂತ.

"ಆ ಡಬ್ಬ ಎಲ್ಲಿ?"

"ಯಾವ್ದು ಭಾವ?"

"ಆಟ ಆಡ್ಬೇಡ ನನ್ಹತ್ರ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನೀವು ಜ್ವರ ಬಂದು ಮಲಗಿದ್ರಲ್ಲ, ಆಗ. ಒಬ್ಬರು ನರ್ಸು ಗಾಡಿ ತಂದಿದ್ರು. ಮುಚ್ಚಳ ನೋಡಿ ಇದೇ ಬಣ್ಣ ಬೇಕು ಅಂತ ಕೂತ್ರು. ನಾನು ಇಲ್ಲ ಅಂದೆ ಭಾವ, ದೇವ್ರಾಣೆ. ಆದ್ರೆ..." ಅವನ ದನಿ ಕುಸಿಯಿತು. "ದಿನಾ ಬಂದು ಬಾಗಿಲು ತೆಗೆದ್ರೆ ಮೊದ್ಲು ಕಣ್ಣಿಗೆ ಬೀಳೋದು ಆ ಬೊಟ್ಟೇ. ಎಸೆಯೋಕೆ ಕೈ ಬರ್ಲಿಲ್ಲ. ಇಟ್ಕೊಳ್ಳೋಕೂ ಆಗ್ಲಿಲ್ಲ. ನೀವು ಹೊಡ್ದಂಗೇ ಕೆಳಗೆ ಕಪ್ಪು ಕೊಟ್ಟು ಖಾಲಿ ಮಾಡ್ಬಿಟ್ಟೆ."

ಪೇಂಟರ್ ಅವನ ಕಾಲರ್ ಹಿಡಿದ. "ಅಲ್ಲಿ ನಿಮ್ಮಕ್ಕ ಹುಚ್ಚಿ ಅನ್ನಿಸ್ಕೊಂಡು ಚಪ್ಪಲಿ ಹರ್ಕೊಂಡು ಓಡ್ತಿದಾಳಲ್ಲೋ! ಬಾಯಿ ಬಿಡೋಕೆ ಏನು ರೋಗ ನಿಂಗೆ?"

"ಹೆದ್ರಿಕೆ ಭಾವ. ಇವತ್ತೇ ಹೇಳ್ಬಿಡೋಣ. ಗಾಡೀನೂ ಕರೆಸೋಣ, ಕಣ್ಣಾರೆ ನೋಡ್ಲಿ. ಅಲ್ಲಿಗೆ ಎಲ್ಲ ಮುಗಿಯುತ್ತೆ."

ಅವನು ಕಾಲರ್ ಬಿಟ್ಟ. ಎಲ್ಲ ಮುಗಿಯುವುದಿಲ್ಲ ಎಂದು ಅವನಿಗೊಬ್ಬನಿಗೆ ಗೊತ್ತಿತ್ತು.

ಸಂಜೆ ನರ್ಸ್ ಪಾಳಿಗೆ ಹೋಗುವ ಮುಂಚೆ ಬಂದಳು. ಗಟ್ಟಿ ಮೈಯ, ಬಾಯಿ ಜೋರಿನ ಹೆಂಗಸು. "ಏನಣ್ಣ, ಬಣ್ಣ ಹೊಡೆದ್ಮೇಲೂ ಗಾಡಿ ಮೇಲೆ ಇಷ್ಟು ಅಕ್ಕರೆ?" ಎಂದು ನಗುತ್ತ ಸ್ಟ್ಯಾಂಡ್ ಹಾಕಿದಳು. ಭಾವಮೈದ ಮನೆಗೆ ಹೋಗಿ ಅಕ್ಕನನ್ನು ಕರೆತಂದಿದ್ದ. ದಾರಿಯಲ್ಲೇ ಎಲ್ಲ ಹೇಳಿರಬೇಕು, ಅವನ ಒಂದು ಕೆನ್ನೆ ಕೆಂಪಾಗಿತ್ತು.

ಹೆಂಡತಿ ಸ್ಕೂಟರಿನ ಸುತ್ತ ಒಂದು ಸುತ್ತು ಬಂದಳು. ಕನ್ನಡಿ ಬೇರೆ, ಸೀಟು ಬೇರೆ, ಹ್ಯಾಂಡಲ್ಲಿನ ಹಿಡಿ ಬೇರೆ. ಬೆರಳಿನಿಂದ ಮುಂದಿನ ತಗಡನ್ನು ಮುಟ್ಟಿ, ಬಗ್ಗಿ ಬಣ್ಣವನ್ನು ಈ ಕಡೆಯಿಂದ, ಆ ಕಡೆಯಿಂದ ನೋಡಿದಳು.

"ನೀಲಿನೇ," ಎಂದಳು.

ಅವನು ಹೋಗಿ ಟ್ಯೂಬ್‌ಲೈಟಿನ ಸ್ವಿಚ್ಚು ಹಾಕಿದ.

"ನಂಗೆ ತಲೆ ಕೆಟ್ಟಿರ್ಲಿಲ್ಲ ಅಂತಾಯ್ತಲ್ಲ. ನಮ್ಮಕ್ಕಂಗೆ ಫೋನ್ ಮಾಡಿ ಹೇಳಿ, ಸೋಮವಾರ ಬೇಕಾದ್ರೆ ಅವಳೇ ಹೋಗಿ ಮಾತ್ರೆ ತಗೊಳ್ಳಿ ಅಂತ." ಆಮೇಲೆ ನರ್ಸಿನ ಕೈ ಹಿಡಿದುಕೊಂಡಳು. ಮುಖದಲ್ಲಿ ಎಷ್ಟೋ ಕಾಲದಿಂದ ಇಲ್ಲದ ನಗು ಬಂದಿತ್ತು. "ನೀನು ನಮ್ಮ ಬೀದಿ ಮೇಲೇ ಹೋಗ್ತಿರಮ್ಮ. ಸ್ವಲ್ಪ ಸುತ್ತಾದ್ರೂ ಪರ್ವಾಗಿಲ್ಲ. ನಾನು ಕಿಟಕೀಲಿ ಇರ್ತೀನಿ. ನಿಲ್ಲಿಸೋದೇನೂ ಬೇಡ, ಸುಮ್ನೆ ಹಾದು ಹೋದ್ರೆ ಸಾಕು."

"ಅದಕ್ಕೇನಂತೆ ಅಕ್ಕ, ಹೋಗ್ತೀನಿ," ಎಂದಳು ನರ್ಸ್. ಅಷ್ಟರಲ್ಲಿ ಭಾವಮೈದ ಮಗಳ ವಿಷಯ ಪಿಸುಗುಟ್ಟಿದ್ದ, ಅವಳ ಕಣ್ಣು ತುಂಬಿತ್ತು.

"ಆ ಬಣ್ಣ ತೆಗೀಬೇಕು," ಎಂದ ಪೇಂಟರ್.

ಮೂವರೂ ತಿರುಗಿದರು.

"ಬೇರೆ ಹೊಡೆದು ಕೊಡ್ತೀನಿ. ಬಿಳಿ, ಹಳದಿ, ಏನು ಬೇಕಾದ್ರೂ. ಇವತ್ತೇ ಗಾಡಿ ಇಲ್ಲೇ ಬಿಟ್ಟು ಹೋಗಿ."

"ಯಾಕಣ್ಣ? ನಂಗೆ ಇದೇ ಇಷ್ಟ."

"ಯಾಕೆ ರೀ?" ಹೆಂಡತಿಯ ನಗು ಹಾಗೇ ಗಟ್ಟಿಯಾಯಿತು. "ಇರೋ ಒಂದನ್ನೂ ಉಜ್ಜಿ ಹಾಕ್ಬೇಕಾ? ಗುಜರಿಗೆ ಹಾಕುವಾಗಲೂ ನನ್ನ ಒಂದು ಮಾತು ಕೇಳ್ಲಿಲ್ಲ. ನೀವೇನು ಮನುಷ್ಯರೋ, ಕಲ್ಲೋ?"

"ಕಾಣ್ಸಲ್ಲ ಕಣೇ ಅದು!"

ಕೂಗು ತಗಡಿನ ಚಾವಣಿಗೆ ಬಡಿದು ವಾಪಸ್ ಬಂತು. ಅವನು ಎಲ್ಲಿ ನೋಡುವುದೆಂದು ತಿಳಿಯದೆ ಸ್ಪ್ರೇ ಗನ್ನಿನ ಪೈಪನ್ನು ನೋಡುತ್ತ ಮಾತಾಡಿದ. "ಮುಸ್ಸಂಜೇಲಿ ಮಗಳಿಗೆ ಗುದ್ದಿದ ಆ ಲಾರಿಯವನು ಪೊಲೀಸ್ ಸ್ಟೇಷನ್ನಲ್ಲಿ ಅಳ್ತಾ ಕೂತಿದ್ದ. ಹೊಡಿಯೋಕೆ ಅಂತ ಕೈ ಎತ್ತಿದ್ದೆ. ಕಾಣಿಸ್ಲೇ ಇಲ್ಲ ಸ್ವಾಮಿ, ರಸ್ತೆ ಖಾಲಿ ಇತ್ತು, ಸತ್ಯವಾಗ್ಲೂ ಖಾಲಿ ಇತ್ತು ಅಂದ. ಎತ್ತಿದ ಕೈ ಹಾಗೇ ಇಳೀತು. ಕಪ್ಪಿನ ಮೇಲೆ ಹೊಡ್ದಿದ್ದು ನಾನು. ಬೆಳಕಿದ್ರೆ ಮಾತ್ರ ಅದು ಬಣ್ಣ. ಬೆಳಕು ಹೋದ್ರೆ ಕೆಳಗಿರೋ ಕಪ್ಪೊಂದೇ."

ಭಾವಮೈದ ತನ್ನ ಕೈಗಳನ್ನು ನೋಡಿಕೊಂಡ.

"ಲಾರಿಯೋರು ಎಲ್ರೂ ಹಾಗೇ ಅನ್ನೋದು," ಎಂದಳು ಹೆಂಡತಿ. "ಕುಡಿದಿರ್ತಾನೆ. ಸುಳ್ಳು ಬೊಗಳಿರ್ತಾನೆ. ಅವನ ಮಾತು ಕಟ್ಕೊಂಡು..."

"ಹೌದಣ್ಣ," ಎಂದಳು ನರ್ಸ್ ಮೆಲ್ಲಗೆ. "ದೀಪ ಇರುತ್ತಲ್ಲ ಗಾಡಿಗೆ."

"ಈಗ ಬರುವಾಗ ಹಾಕಿದ್ರಾ?"

ನರ್ಸ್ ಹೊರಗೆ ನೋಡಿದಳು. ಹೊತ್ತು ಮುಳುಗಿತ್ತು, ಆಕಾಶ ಇನ್ನೂ ಬೆಳ್ಳಗಿತ್ತು. ದೀಪ ಹಾಕಿದರೆ ಯಾರಾದರೂ ಕೈ ಸನ್ನೆ ಮಾಡಿ ಆರಿಸಿ ಎನ್ನುವಂಥ ಹೊತ್ತು.

ಪೇಂಟರ್ ಸ್ಟ್ಯಾಂಡ್ ತೆಗೆದು ಗಾಡಿಯನ್ನು ತಳ್ಳಿಕೊಂಡು ಹೊರಟ. "ಇಲ್ಲೇ ನಿಂತು ನೋಡಿ," ಎಂದ, ತಿರುಗದೆ. ರಸ್ತೆಯ ಆಚೆ ಗೋದಾಮಿನ ಉದ್ದನೆಯ ಗೋಡೆಯಿತ್ತು. ಅದರ ಬುಡದಲ್ಲಿ ಆಗಲೇ ಕತ್ತಲೆಯಂಥ ನೆರಳು ಕೂತಿತ್ತು. ರಸ್ತೆ ಖಾಲಿಯಾಗುವುದನ್ನು ಕಾದು, ದಾಟಿ, ಆ ನೆರಳಿನೊಳಗೆ ಸ್ಕೂಟರನ್ನು ನಿಲ್ಲಿಸಿ, ಪಕ್ಕದಲ್ಲಿ ನಿಂತುಕೊಂಡ. ಮೈಮೇಲಿನ ಕೆಲಸದ ಬಟ್ಟೆ ಕೂಡ ಬೂದಿಗಪ್ಪು ಬಣ್ಣದ್ದೇ.

ಅಲ್ಲಿಂದ ಅವರು ಮೂವರೂ ಅವನಿಗೆ ಸ್ಪಷ್ಟವಾಗಿ ಕಾಣುತ್ತಿದ್ದರು. ಹಿಂದೆ ಶೆಡ್ಡಿನ ಟ್ಯೂಬ್‌ಲೈಟು, ಮುಂದೆ ಬೆಳ್ಳನೆಯ ಆಕಾಶ. ಭಾವಮೈದ ತಲೆ ತಗ್ಗಿಸಿ ನಿಂತಿದ್ದ. ನರ್ಸ್ ಕತ್ತು ಉದ್ದ ಮಾಡಿ ಆ ಕಡೆ ಈ ಕಡೆ ಹುಡುಕಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹೆಂಡತಿ ಮಾತ್ರ ಅಲ್ಲಾಡದೆ ಗೋಡೆಯನ್ನೇ ನೋಡುತ್ತಿದ್ದಳು. ಅವಳ ದೃಷ್ಟಿ ಅವನ ಮೇಲೆ ಬಂತು, ನಿಲ್ಲದೆ ಮುಂದಕ್ಕೆ ಹೋಯಿತು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಹೋಯಿತು.

"ರೀ," ಎಂದು ಕೂಗಿದಳು.

ಅವನು ಕೈ ಎತ್ತಿ ಬೀಸಿದ.

"ರೀ... ಎಲ್ಲಿದ್ದೀರಾ?"

ಅವಳು ಶೆಡ್ಡಿನಿಂದ ಹೊರಗೆ ಇಳಿದಳು. ತಮ್ಮ ಹಿಡಿಯಲು ಹೋದ, ಕೊಸರಿಕೊಂಡಳು. ಬರುತ್ತಿದ್ದ ಕಾರಿಗೆ ಅಂಗೈ ಅಡ್ಡ ಹಿಡಿದು ರಸ್ತೆಗೆ ನಡೆದಳು. ಕಾರು ಕಿರುಚಿ ನಿಂತಿತು. "ಕಣ್ಣು ಕಾಣಲ್ವೇನಮ್ಮಾ?" ಎಂದು ಒಳಗಿನವನು ಬೈದ. ಅವಳು ಕಾರಿನತ್ತ ತಿರುಗಲೂ ಇಲ್ಲ. ಕರೆಂಟು ಹೋದ ಕೋಣೆಯಲ್ಲಿ ಗೋಡೆ ತಡಕುವವರಂತೆ ಎರಡೂ ಕೈ ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿಕೊಂಡು, ನೆರಳಿನ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು.