ಊರು ಸಾಕಿದ ತಲೆ

ಸೋಮನಕುಂಟೆಯಲ್ಲಿ ಆಗ ಅರವತ್ತು ಮನೆ. ಅರವತ್ತರಲ್ಲೂ ಬೀಸುವ ಕಲ್ಲಿನ ಪಕ್ಕ ಒಂದೊಂದು ಪುಟ್ಟ ಕುಡಿಕೆ. ಬೆಳಗ್ಗೆ ಹಿಟ್ಟಿಗೆಂದು ರಾಗಿ ಅಳೆದ ಹೆಂಗಸು ಕಲ್ಲಿಗೆ ಸುರಿಯುವ ಮುಂಚೆ ಒಂದು ಹಿಡಿ ತೆಗೆದು ಅದರೊಳಗೆ ಹಾಕಬೇಕು. ದೇವರಿಗಲ್ಲ, ದಾಸಯ್ಯನಿಗಲ್ಲ, ಬಚ್ಚಮ್ಮನ ತಮ್ಮ ಮುನಿಯಲ್ಲಪ್ಪನ ಓದಿಗೆ. ಶನಿವಾರ ಬಂತೆಂದರೆ ಬಚ್ಚಮ್ಮ ಮಂಕರಿ ಹೊತ್ತು ಮನೆಮನೆಯ ಕುಡಿಕೆ ಬರಿದು ಮಾಡಿ, ಶ್ರೀನಿವಾಸಪುರದ ಸಂತೆಗೆ ನಡೆದು, ರಾಗಿ ಮಾರಿ ಬಂದದ್ದನ್ನು ತಮ್ಮನಿಗೆ ಕಳಿಸುತ್ತಿದ್ದಳು. ಮೊದಲು ಕೋಲಾರದ ಹೈಸ್ಕೂಲು, ಆಮೇಲೆ ಬೆಂಗಳೂರಿನ ಇಂಜಿನಿಯರಿಂಗು. ಒಂದು ವಾರ ಎರಡು ವಾರದ ಮಾತಲ್ಲ, ಎಂಟು ವರ್ಷ.

ಇದನ್ನು ಶುರು ಹಚ್ಚಿದವನು ಪಟೇಲ ಸೊಣ್ಣಪ್ಪ. ಮೂವತ್ತನೇ ಇಸವಿಯಲ್ಲಿ, ಹುಡುಗ ಲೋವರ್ ಸೆಕೆಂಡರಿಯಲ್ಲಿ ತಾಲ್ಲೂಕಿಗೇ ಮೊದಲು ಬಂದಾಗ, ಅರಳಿಕಟ್ಟೆಯ ಮೇಲೆ ನಿಂತು ಹೇಳಿದ್ದ: "ಬಚ್ಚಮ್ಮಾ, ಇಂಥಾ ತಲೆ ನಿಮ್ಮನೇದಲ್ಲ ಕಣಮ್ಮ, ಊರಿಂದು. ಊರೇ ಸಾಕ್ತೈತೆ." ಬಚ್ಚಮ್ಮನಿಗೆ ಆ ದಿನ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಕಟ್ಟಿಕೊಂಡದ್ದು ಅದೇ ಊರಿನ ಪೆದ್ದಪ್ಪನನ್ನು. ಆ ಪುಣ್ಯಾತ್ಮ ಅಂಜಮ್ಮ ಎಂಬ ಕೂಸನ್ನು ಮಡಿಲಿಗೆ ಹಾಕಿ ಮೂರೇ ತಿಂಗಳಿಗೆ ಜ್ವರದಲ್ಲಿ ಹೋಗಿಬಿಟ್ಟ. ಬೆನ್ನಿಗೆ ಕೂಸು ಕಟ್ಟಿಕೊಂಡೂ ಬಚ್ಚಮ್ಮ ಒಂದು ಶನಿವಾರ ತಪ್ಪಿಸಲಿಲ್ಲ.

ಓದು ಮುಗಿದು ಸರ್ಕಾರಿ ಕೆಲಸ ಸಿಕ್ಕಿತು, ಊರಿಗೆ ಊರೇ ಪಾಯಸ ಉಂಡಿತು. ಮೂರು ವರ್ಷ ಕಳೆದು, ನಲವತ್ತೊಂದರಲ್ಲಿ, ಮುನಿಯಲ್ಲಪ್ಪ ಒಂದು ಕಬ್ಬಿಣದ ಟ್ರಂಕು ಹೊತ್ತು ಸಣ್ಣ ರೈಲಿನಿಂದ ಇಳಿದು ಮನೆಗೆ ಬಂದ. ಟ್ರಂಕನ್ನು ಅಟ್ಟಕ್ಕೆ ಹಾಕಿದ. ಮಾರನೆಯ ದಿನ ನೇಗಿಲು ಹಿಡಿದ.

"ರಜಾನೇನೋ?" ಎಂದಳು ಬಚ್ಚಮ್ಮ.

"ಬಿಟ್ಟೆ ಅಕ್ಕ."

ಅವಳು ಬಿಡಲಿಲ್ಲ. ಕಾಡಿ ಬೇಡಿ ಒಂದು ತಿಂಗಳಿಗೆ ಬಾಯಿ ಬಿಡಿಸಿದಳು. ಎಲ್ಲೋ ದೂರದ ಸೀಮೆಯಲ್ಲಿ ಒಂದು ಹೊಸ ಕೆರೆ. ಏರಿಯ ಬುಡ ಇಷ್ಟು ಅಗಲ ಬೇಕು ಅಂತ ಇವನ ಲೆಕ್ಕ. ಅಷ್ಟು ಬೇಡ, ಕಡಿಮೆ ಮಾಡು ಅಂತ ಮೇಲಿನವರು. ಇವನು ನಾಲ್ಕು ಸಲ ಆಗಲ್ಲ ಅಂದು ಐದನೇ ಸಲ ರುಜು ಹಾಕಿದ. ಮೊದಲ ಮಳೆಗೇ ಏರಿ ಒಡೆದು ಹನ್ನೊಂದು ಜನ ಹೋದರು.

"ಲೆಕ್ಕ ಗೊತ್ತಿಲ್ದೆ ರುಜು ಹಾಕಿದ್ರೆ ದಡ್ಡ ಅನ್ನಬೋದಿತ್ತು. ಗೊತ್ತಿದ್ದೂ ಹಾಕ್ದೆ. ಇನ್ಮೇಲೆ ಈ ತಲೆ ಯಾರ ಕೈಗೂ ಕೊಡಲ್ಲ ಅಕ್ಕ. ಹೊಲ ಉಳ್ತೀನಿ. ಅದ್ರಿಂದ ಯಾರೂ ಸಾಯಲ್ಲ."

ಊರು ಸುಮ್ಮನಿರುತ್ತದೆಯೇ? ಸರ್ವೆ ತಕರಾರಿಗೆ ಕರೆದರು, ಬರಲಿಲ್ಲ. ಸೇತುವೆಯ ಅರ್ಜಿಗೆ ಕರೆದರು, ಬರಲಿಲ್ಲ. ಇವನ ಪಾಡಿಗೆ ಇವನು ಹಗ್ಗ ಹೊಸೆಯುತ್ತಾ ಕೂತ. ಆಗ ಹೆಂಗಸರ ನಾಲಿಗೆ ಹರಿತವಾಯಿತು. ಬಾವಿಯ ಹತ್ತಿರ ದೊಡ್ಡಗಂಗಮ್ಮ ಬಚ್ಚಮ್ಮನ ಕೊಡ ನೋಡಿ, ಬೇಕೆಂದೇ ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ನನ್ ಮಕ್ಕಳ ಬಾಯಿಂದ ತೆಗ್ದು ದಿನಾ ಒಂದ್ ಹಿಡಿ ಹಾಕ್ದೆ ಕಣೇ. ಹಗ್ಗ ಹೊಸ್ಯಾಕಾ? ಹಗ್ಗ ನನ್ ಗಂಡಾನೂ ಹೊಸೀತಾನೆ." ಬಚ್ಚಮ್ಮ ಕೊಡ ಅಲ್ಲೇ ಇಟ್ಟು ಮನೆಗೆ ಬಂದು ಅತ್ತಳು. ಅವಳಿಗೆ ಕೋಪ ಬಂದದ್ದು ದೊಡ್ಡಗಂಗಮ್ಮನ ಮೇಲಲ್ಲ, ತಮ್ಮನ ಮೇಲೆ.

ಮುನಿಯಲ್ಲಪ್ಪನ ತಲೆ ಕೆಲಸ ಮಾಡುತ್ತಿದ್ದದ್ದು ಒಂದೇ ಕಡೆ. ಸಂಜೆ ಅಂಜಮ್ಮನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಬಾಯಿಲೆಕ್ಕ ಕೇಳುತ್ತಿದ್ದ. ಹತ್ತು ವರ್ಷದ ಹುಡುಗಿ, ಕೇಳಿ ಮುಗಿಸುವುದರೊಳಗೆ ಉತ್ತರ ಎಸೆಯುತ್ತಿದ್ದಳು. "ಅಬ್ಬೋ, ಇದು ನನಗಿಂತ ಜೋರೈತೆ ಅಕ್ಕ," ಎಂದು ನಗುತ್ತಿದ್ದ. ಅವನು ನಗುತ್ತಿದ್ದದ್ದು ಆವಾಗ ಮಾತ್ರ.

ನಲವತ್ತಮೂರು ಬಂತು. ಯುದ್ಧದ ಕಾಲ, ರಾಗಿಗೆ ಬಂಗಾರದ ಬೆಲೆ. ಆ ಆಶ್ವೀಜದಲ್ಲಿ ಮಳೆ ಚೆನ್ನಾಗಿ ಹಿಡಿದು ಊರ ಕೆರೆ ತುಂಬುತ್ತಾ ಬಂತು. ಜನರ ಮುಖದಲ್ಲಿ ಕಳೆ ಬಂದ ಹೊತ್ತಿಗೇ, ಏರಿಯ ಕೆಳಗೆ, ಗದ್ದೆಗೆ ನೀರು ಬಿಡುವ ತೂಬಿನ ಪಕ್ಕದಲ್ಲಿ ನೆಲ ಒದ್ದೆಯಾಗತೊಡಗಿತು. ಸೊಣ್ಣಪ್ಪ ನೆಟ್ಟಗೆ ಬಚ್ಚಮ್ಮನ ಬಾಗಿಲಿಗೆ ಬಂದ. "ಅಮ್ಮಾ, ನಿನ್ ತಮ್ಮನ್ನ ಒಂದ್ ಸಲ ನೋಡು ಅನ್ನಮ್ಮ. ಕೆಳಗೇರೀಲಿ ಇಪ್ಪತ್ತು ಮನೆ ಐತೆ."

ಬಚ್ಚಮ್ಮ ಹಿತ್ತಲಿಗೆ ಹೋಗಿ ಹೇಳಿದಳು. ಅವನು ತಲೆ ಎತ್ತಲಿಲ್ಲ.

"ನಾನು ನೋಡಿದ್ರೆ ಇರೋದನ್ನ ಹೇಳ್ಬೇಕಾಗ್ತದೆ. ಇರೋದು ಅವರಿಗೆ ಬೇಕಾಗಿರಲ್ಲ."

ಎರಡು ವರ್ಷ ತಡೆದುಕೊಂಡಿದ್ದ ಬಚ್ಚಮ್ಮ ಕೂಗಾಡಿಬಿಟ್ಟಳು. "ಹಂಗಾದ್ರೆ ಆ ರಾಗಿ ಕಕ್ಕು! ಎಂಟು ವರ್ಷ ತಿಂದಿದ್ದು ಕಕ್ಕು ಇಲ್ಲಿ! ನನ್ ನೆತ್ತಿ ಕೂದ್ಲು ಉದುರೋಗಿರೋದು ನೋಡು, ನಿನ್ ಮಂಕರಿ ಹೊತ್ತು. ನಿನ್ ತಲೆ ನಿಂದಲ್ಲ ಕಣೋ!"

ಮುನಿಯಲ್ಲಪ್ಪ ಹೊಸೆಯುತ್ತಿದ್ದ ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟ. ಎದ್ದು ಹೊರಟ.

ಮೂರು ದಿನ ಏರಿಯ ಮೇಲೂ ಕೆಳಗೂ ಓಡಾಡಿದ. ದಾರ ಹಿಡಿದ, ಬಿದಿರ ಗಳು ನೆಟ್ಟ, ಒಸರುವ ನೀರನ್ನು ಹಿತ್ತಾಳೆ ಲೋಟದಲ್ಲಿ ಹಿಡಿದು ಮನೆಗೆ ತಂದು ರಾತ್ರಿಯಿಡೀ ಅಲುಗಾಡಿಸದೆ ಇಟ್ಟ. ಬೆಳಗ್ಗೆ ಲೋಟದ ತಳದಲ್ಲಿ ಕೆಂಪು ಮಣ್ಣು ಕೂತಿತ್ತು. ಅದನ್ನೇ ಅರಳಿಕಟ್ಟೆಗೆ ಒಯ್ದು ಎಲ್ಲರಿಗೂ ತೋರಿಸಿದ.

"ಬರೀ ನೀರು ಬಂದ್ರೆ ಭಯ ಇಲ್ಲ. ಇದು ಏರಿ ಹೊಟ್ಟೆಯೊಳಗಿನ ಮಣ್ಣು, ನೀರಿನ ಜೊತೆ ಬರ್ತಾ ಐತೆ. ಕೆರೆ ಪೂರ್ತಿ ತುಂಬಿದ್ರೆ ತಡೆಯಲ್ಲ. ಹೆಚ್ಚಿನ ನೀರು ಹೊರಗೆ ಹೋಗೋ ಕೋಡೀನ ಎರಡು ಮೊಳ ತಗ್ಗಿಸಿ. ಈ ವರ್ಷ ಅಷ್ಟು ನೀರು ಹೋಗ್ಲಿ. ಬೇಸಿಗೇಲಿ ಏರಿ ಬಿಚ್ಚಿ ಕಟ್ಟೋಣ."

ಎರಡು ಮೊಳ ನೀರು ಎಂದರೆ ಬೇಸಿಗೆಯ ಭತ್ತ ಪೂರ್ತಿ ಹೋಯಿತು ಎಂದೇ ಅರ್ಥ. ಕಟ್ಟೆಯ ಸುತ್ತ ಗುಲ್ಲೆದ್ದಿತು. ಇಂಥ ತುಟ್ಟಿಯ ವರ್ಷದಲ್ಲಿ ತುಂಬಿದ ಕೆರೆ ಬಿಡುವುದೇ? ಸೊಣ್ಣಪ್ಪ ಎದ್ದ. ಅವನು ಪಟೇಲನಾಗುವ ಮುಂಚೆ ಮುಳಬಾಗಿಲ ಸೀಮೆಯ ದನದ ಪರಿಷೆಗಳಲ್ಲಿ ದಲ್ಲಾಳಿ; ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದ ಕೈ ಅದು.

"ನಾಯನಾ, ಎರಡು ಮೊಳ ಜಾಸ್ತಿ ಆಯ್ತು. ಅರ್ಧ ಮೊಳ ಮಾಡು."

"ಇದು ಎತ್ತಿನ ವ್ಯಾಪಾರ ಅಲ್ಲ ಸೊಣ್ಣಪ್ಪಣ್ಣ."

"ಮುಕ್ಕಾಲು ಮಾಡಪ್ಪ. ನೀನು ಇಳಿ, ಊರು ಏರ್ತದೆ."

"ಎರಡು ಮೊಳ."

ಸೂರ್ಯ ನೆತ್ತಿಗೆ ಬರುವವರೆಗೂ ಹೀಗೇ ನಡೆಯಿತು. ಲೆಕ್ಕಕ್ಕೂ ಚೌಕಾಸಿ! ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮದುವೆ ಮಾತಿನಿಂದ ಹಿಡಿದು ಕುರಿಯ ಬೆಲೆಯವರೆಗೆ ಸೋಮನಕುಂಟೆಯಲ್ಲಿ ಮೊದಲು ಹೇಳಿದ ಮಾತು ಯಾವತ್ತೂ ಕೊನೆಯ ಮಾತಾಗಿರಲಿಲ್ಲ. ಇವನೂ ಇಳಿಯಲೆಂದೇ ಹೆಚ್ಚು ಹೇಳಿದ್ದಾನೆ ಎಂದುಕೊಂಡರು. ಕೊನೆಗೆ ಜನ ಬಯ್ಯಲು ಶುರುಮಾಡಿದರು. ರಾಗಿ ತಿಂದವನು, ಊರಿಗೆ ಕೇಡು ಬಗೆಯುವವನು ಎಂದರು. ಹೆಂಗಸರ ಗುಂಪಿನಲ್ಲಿ ನಿಂತಿದ್ದ ಬಚ್ಚಮ್ಮನಿಗೆ ತಡೆಯಲಾಗಲಿಲ್ಲ. ಎರಡು ವರ್ಷದ ಮೇಲೆ ಊರು ತಮ್ಮನನ್ನು ಕರೆದು ಕೇಳಿದೆ. ಈ ಒಂದು ಸಲ ಮಾತು ಕೂಡಿಬಂದರೆ ಸಾಕು, ತಾನು ಮತ್ತೆ ತಲೆಯೆತ್ತಿ ಬಾವಿಗೆ ಹೋಗಬಹುದು. ಅವಳು ಮುಂದೆ ಬಂದು ಅವನ ತೋಳು ಹಿಡಿದಳು.

"ಒಂದು ಮೊಳಕ್ಕೆ ಒಪ್ಕೊಳೋ ಮುನಿಯ. ನಿನ್ ಕಾಲಿಗೆ ಬೀಳ್ತೀನಿ ಕಣೋ."

ಅವನು ಅವಳ ಮುಖವನ್ನೇ ನೋಡಿದ. ಅವನು ಹಾಗೆ ನೋಡಿದ್ದು ಅವಳು ಸಾಯುವವರೆಗೂ ಮರೆಯುವ ಹಾಗಿರಲಿಲ್ಲ. ಆಮೇಲೆ ಜನರ ಕಡೆ ತಿರುಗಿ, "ಆಯ್ತು. ಒಂದು ಮೊಳ," ಎಂದ. ಸೊಣ್ಣಪ್ಪ ಅವನ ಬೆನ್ನು ಚಪ್ಪರಿಸಿದ. ಅವತ್ತೇ ಕೋಡಿಯನ್ನು ಒಂದು ಮೊಳ ಕಡಿದರು.

ಕಾರ್ತೀಕದಲ್ಲಿ ಜಡಿಮಳೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಮುನಿಯಲ್ಲಪ್ಪ ತೊಯ್ದು ತೊಪ್ಪೆಯಾಗಿ ಒಳಗೆ ಬಂದು, ಹಿತ್ತಾಳೆ ಲೋಟವನ್ನು ಅಕ್ಕನ ಮುಂದಿಟ್ಟ. ಅದರಲ್ಲಿ ನೀರಿಗಿಂತ ಮಣ್ಣೇ ಹೆಚ್ಚಿತ್ತು.

"ಎರಡು ಮೊಳ ಅಂದಿದ್ದು ಲೆಕ್ಕ ಅಕ್ಕ. ಒಂದು ಅಂದಿದ್ದು ನಾನು," ಎಂದ. ಬಯ್ಯುವ ದನಿಯಲ್ಲ, ಸುಮ್ಮನೆ ಹೇಳಿದ. "ಕೆಳಗೇರಿಯೋರನ್ನ ಗುಡ್ಡಕ್ಕೆ ಹತ್ಸು. ನಾನು ತೂಬು ಕೀಳ್ತೀನಿ. ಎಷ್ಟು ನೀರು ಇಳಿದ್ರೆ ಅಷ್ಟು."

ಹಾರೆ ತೆಗೆದುಕೊಂಡು ಓಡಿದ. ಬಚ್ಚಮ್ಮ ಅಂಜಮ್ಮನ ಕೈ ಹಿಡಿದು, ಊಟದ ತಟ್ಟೆಯನ್ನು ಸೌಟಿನಿಂದ ಬಡಿಯುತ್ತಾ ಕೆಳಗೇರಿಯ ಉದ್ದಕ್ಕೂ ಕೂಗಿದಳು. ಅರ್ಧ ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದರು. ಇನ್ನರ್ಧ ಜನ ಬಾಗಿಲಲ್ಲೇ ನಿಂತರು. "ಸುಮ್ಕಿರಮ್ಮ, ನಿನ್ ತಮ್ಮನೇ ಒಂದು ಮೊಳ ಸಾಕು ಅಂದೌನೆ," ಎಂದಳು ದೊಡ್ಡಗಂಗಮ್ಮ. ಕೆಳಗೇರಿಗೆ ಕೊಟ್ಟಿದ್ದ ಮಗಳ ಮನೆಯಲ್ಲಿ ಅವಳು ಅವತ್ತು ರಾಗಿ ಬೀಸುತ್ತಿದ್ದಳು.

ಏರಿ ತೂಬಿನ ಹತ್ತಿರವೇ ಒಡೆಯಿತು. ಏಳು ಜನ ಹೋದರು. ಅವರಲ್ಲಿ ದೊಡ್ಡಗಂಗಮ್ಮನೂ ಇದ್ದಳು, ಅವಳ ಮೊಮ್ಮಗುವೂ ಇತ್ತು. ತೂಬಿನ ಕಲ್ಲುಕಂಬಕ್ಕೆ ಈಜಿ, ಅದರ ಬೆಣೆ ಕೀಳುತ್ತಿದ್ದ ಮುನಿಯಲ್ಲಪ್ಪ ಎಂಟನೆಯವನು. ಎರಡು ಮೈಲಿ ಕೆಳಗೆ, ಗದ್ದೆಯ ಕೆಸರಿನಲ್ಲಿ ಸಿಕ್ಕಿದ.

ವಿಚಾರಣೆಗೆ ಅಮಲ್ದಾರರು ಬಂದಾಗ ಸೊಣ್ಣಪ್ಪ ಕೈಮುಗಿದು ಹೇಳಿದ: "ಓದಿದೋನ ಮಾತು ನಂಬಿ ಕೆಟ್ವಿ ಸ್ವಾಮಿ. ಒಂದು ಮೊಳ ಸಾಕು ಅಂದ, ಒಂದೇ ಮೊಳ ಕಡಿದ್ವಿ."

"ಸುಳ್ಳು! ಅವನು ಎರಡು ಅಂದ!" ಎಂದು ಬಚ್ಚಮ್ಮ ಕಿರುಚಿದಳು.

ಅಮಲ್ದಾರರು ಕೇಳಿದರು: "ಹಾಗಾದರೆ ಒಂದು ಮಾಡಿಸಿದ್ದು ಯಾರಮ್ಮ?"

ಎಲ್ಲರೂ ಅವಳನ್ನೇ ನೋಡಿದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಮಲ್ದಾರರು ಬರೆದುಕೊಳ್ಳಬೇಕಾದ್ದನ್ನು ಬರೆದುಕೊಂಡು ಎದ್ದರು.

ಅಂದಿನಿಂದ ಬಚ್ಚಮ್ಮ ಬಾವಿಗೆ ನಡುಮಧ್ಯಾಹ್ನ, ಯಾರೂ ಇಲ್ಲದಾಗ ಹೋಗುತ್ತಿದ್ದಳು. ಹಿತ್ತಾಳೆ ಲೋಟವನ್ನು ತೊಳೆಯಲಿಲ್ಲ. ಮಣ್ಣು ಒಣಗಿ ತಳಕ್ಕೆ ಅಂಟಿಕೊಂಡಿತು.

ಒಂದೂವರೆ ವರ್ಷ ಕಳೆಯಿತು. ಒಂದು ಬೆಳಗ್ಗೆ ಸೊಣ್ಣಪ್ಪ ಬಂದ. ಜೊತೆಗೆ ಸ್ಕೂಲಿನ ಕೋದಂಡರಾಮಪ್ಪ ಮೇಷ್ಟ್ರು. ಒಳ್ಳೆಯ ಮನುಷ್ಯ ಪಾಪ, ಮಾಲೂರಿನಿಂದ ವರ್ಗವಾಗಿ ಬಂದು ನಾಲ್ಕು ತಿಂಗಳು, ಹಳೆಯದೇನೂ ಪೂರ್ತಿ ತಿಳಿಯದು. ಸೊಣ್ಣಪ್ಪನ ಕೈಯಲ್ಲಿ ಒಂದು ಹೊಸ ಕುಡಿಕೆ. ಬಚ್ಚಮ್ಮ ಅದನ್ನು ನೋಡಿದ ಕೂಡಲೇ ಬಾಗಿಲಿಗೆ ಅಡ್ಡ ನಿಂತಳು.

"ನಿನ್ ಮಗಳ ಲೆಕ್ಕ ನೋಡಿ ದಂಗಾಗೋದೆ ಕಣಮ್ಮ," ಎಂದರು ಮೇಷ್ಟ್ರು. "ಕೋಲಾರಕ್ಕೆ ಕಳಿಸ್ಬೇಕು. ಹುಡ್ಗಿ ಅಂತ ಹಿಂದೆಮುಂದೆ ನೋಡ್ಬೇಡ. ಇಂಥಾ ಬುದ್ಧೀನ ಮನೇಲಿ ಮುಚ್ಚಿಡೋದು ಕಳ್ಳತನ. ಅದು ನಾಲ್ಕು ಜನಕ್ಕೆ ಸೇರಿದ್ದು."

"ಇಂಥಾ ತಲೆ ನಿಮ್ಮನೇದಲ್ಲಮ್ಮ, ಊರಿಂದು," ಎಂದ ಸೊಣ್ಣಪ್ಪ. ಅವನ ದನಿಯಲ್ಲಿ ಕಪಟವಿರಲಿಲ್ಲ, ನಿಜವಾಗಿ ಹಾಗೇ ನಂಬಿದ್ದ. "ಏರಿ ಹಂಗೇ ಬಿದ್ದೈತೆ. ನಮ್ಮೂರಿಗೂ ಒಂದು ತಲೆ ಬೇಕು."

ಬಚ್ಚಮ್ಮ ಆ ಕುಡಿಕೆಯನ್ನೇ ನೋಡಿದಳು. ತಲೆ ಬೇಕಂತೆ! ತಲೆ ಹೇಳಿದ್ದನ್ನು ಯಾರು ಕೇಳಿದರು? ನೀವು ಕೇಳಿದಿರಾ? ನಾನು ಕೇಳಿದೆನಾ? ಅವನ ಬುದ್ಧಿ ನಮಗೆ ಬೇಕಿರಲಿಲ್ಲ, ನಮ್ಮ ಆಸೆಗೆ ಅವನ ರುಜು ಬೇಕಿತ್ತು. ಇಷ್ಟನ್ನೂ ಅವಳು ಹೇಳಬಹುದಿತ್ತು. ಹೇಳಿದರೆ ಅವರು ಹೌದೌದು ಎಂದು ತಲೆ ಆಡಿಸಿ, ಕುಡಿಕೆಯನ್ನು ಮಾತ್ರ ಇಲ್ಲೇ ಬಿಟ್ಟುಹೋಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

"ಯಾವ ಲೆಕ್ಕ ಮೇಷ್ಟ್ರೇ? ನನ್ ಮಗಳು ದಡ್ಡಿ," ಎಂದಳು. "ಅವಳ ಮಾವ ಬಾಯಿಪಾಠ ಮಾಡ್ಸಿದ್ದ, ಅಷ್ಟೇಯ."

ಮೇಷ್ಟ್ರು ನಕ್ಕು ಅಂಜಮ್ಮನನ್ನು ಕರೆದರು. "ಹದಿನೇಳು ಇಪ್ಪತ್ಮೂರ್ಲ ಎಷ್ಟಮ್ಮ?"

ಹುಡುಗಿಯ ಕಣ್ಣು ಮಿಂಚಿತು, ತುಟಿ ಅಲುಗಿತು. ಅಷ್ಟರಲ್ಲಿ ತಾಯಿಯ ಮುಖ ಕಂಡಿತು. ಕುಡಿಕೆಯೂ ಕಂಡಿತು.

"ಗೊತ್ತಿಲ್ಲ ಮೇಷ್ಟ್ರೇ," ಎಂದಳು.

ಮೇಷ್ಟ್ರು ಇನ್ನೆರಡು ಕೇಳಿದರು. ಒಂದಕ್ಕೆ ತಪ್ಪು ಹೇಳಿದಳು, ಇನ್ನೊಂದಕ್ಕೆ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ಸೊಣ್ಣಪ್ಪ ನಿಟ್ಟುಸಿರಿಟ್ಟು ಕುಡಿಕೆ ಎತ್ತಿಕೊಂಡ. ಇಬ್ಬರೂ ಬೀದಿಯ ತಿರುವು ದಾಟುವವರೆಗೆ ಬಚ್ಚಮ್ಮ ಬಾಗಿಲಲ್ಲೇ ನಿಂತಿದ್ದಳು.

ಆಮೇಲೆ ತಾಯಿ ಮಗಳು ಬೀಸುವ ಕಲ್ಲಿನ ಎದುರುಬದುರು ಕೂತರು. ಕಲ್ಲು ನಾಲ್ಕು ಸುತ್ತು ತಿರುಗಿತು.

"ಅಮ್ಮ, ಮುನ್ನೂರ ತೊಂಬತ್ತೊಂದು," ಎಂದಳು ಅಂಜಮ್ಮ ಮೆಲ್ಲಗೆ.

ಬಚ್ಚಮ್ಮ ಹಿಟ್ಟಿನ ಕೈಯಲ್ಲೇ ಮಗಳ ಬಾಯಿ ಮುಚ್ಚಿದಳು. ಬಹಳ ಹೊತ್ತು ಆ ಕೈ ತೆಗೆಯಲಿಲ್ಲ.