ಬಟ್ಟೆ ಅಂಗಡಿಯ ಕುರ್ಚಿ

ಕುಂದಾಪುರದ ನಮ್ಮ ಬಟ್ಟೆ ಅಂಗಡಿಗೆ ಒಂದು ಕುರ್ಚಿ ಬಂತು ಮಾರಾಯ್ರೆ, ಅಲ್ಲಿಂದ ನನ್ನ ತಲೆ ಕೆಟ್ಟು ಕೆರ ಹಿಡೀತು.

ನಾನು ಹೆಮ್ಮಾಡಿಯ ವಿನಯಾ. ಸರ್ಕಾರದ ತರಬೇತಿ ಯೋಜನೆಯಲ್ಲಿ ಕೆಲಸಕ್ಕೆ ಸೇರಿದವಳು. ಈ ತಿಂಗಳು ತರಬೇತಿ ಮುಗೀತದೆ. ಆಮೇಲೆ ಇಟ್ಕೊಳ್ಳೋದು, ಬಿಡೋದು ಧಣಿ ವೆಂಕಟಣ್ಣನ ಕೈಯಲ್ಲಿದೆ. ಬೆಳಿಗ್ಗೆಯಿಂದ ನಿಂತೂ ನಿಂತೂ ಸಂಜೆಗೆ ಪಾದ ಬಾತು ಚಪ್ಪಲಿಗೇ ಹೋಗೋದಿಲ್ಲ.

ಮೊನ್ನೆ ಯೋಜನೆಯವರು ಬಂದು, ಹೊಸ ನಿಯಮ, ಕೆಲಸದ ಹುಡುಗಿಯರಿಗೆ ಕೂರಲು ಕುರ್ಚಿ ಕೊಡಬೇಕು ಅಂದ್ರು. ವೆಂಕಟಣ್ಣ ಮರುದಿನವೇ ಮೆತ್ತೆ ಇರುವುದನ್ನೇ ತಂದ್ರು. "ಕೂಕೋ ಹೆಣೇ," ಅಂತ, ನಮ್ಮೂರಲ್ಲಿ ಹುಡುಗಿಯರನ್ನು ಪ್ರೀತಿಯಿಂದ ಕರೆಯುವ ಹಾಗೇ ಅಂದ್ರು. ಅಂದವರು ಪಕ್ಕದಲ್ಲೇ ನಿಂತ್ರು! ಅರವತ್ತು ದಾಟಿದ ಮನುಷ್ಯ, ಅಂಗಡಿ ಇಟ್ಟಲ್ಲಿಂದ ಕೂತದ್ದೇ ಇಲ್ಲ. ಗಿರಾಕಿ ಅಂದ್ರೆ ಲಕ್ಷ್ಮಿ, ಅವಳೆದುರು ಕೂರಬಾರದು ಅಂತ ಅವರ ಲೆಕ್ಕ. ಹಿರಿಯರು ನಿಂತಿರುವಾಗ ನಾನು ಕೂರೋದಾ? ಅಮ್ಮನಿಗೆ ಗೊತ್ತಾದ್ರೆ ಚರ್ಮ ಸುಲಿದಾಳು.

"ಅಡ್ಡಿಲ್ಲೆ ವೆಂಕಟಣ್ಣ," ಅಂದು ನಿಂತೇ ಉಳಿದೆ.

ಅವರ ಮುಖ ಸಣ್ಣದಾಯ್ತು. ಯಾಕಪ್ಪಾ? ಕೂತರೆ ಸೋಮಾರಿಯಾ, ಕೂರದಿದ್ರೆ ಸೊಕ್ಕಾ? ಜೊತೆಗೆ ಕೆಲಸ ಮಾಡುವ ಸೌಜನ್ಯ ಕಿವಿಯಲ್ಲಿ, "ಪರೀಕ್ಷೆಯೇ ಕಾಣ್. ಕೂತವ್ಳ್ ಮನಿಗೆ," ಅಂದ್ಳು. ಕುರ್ಚಿ ಮೇಲೆ ಗಿರಾಕಿಗಳ ಚೀಲ ಕೂತವು. ನಾವು ನಿಂತೆವು.

ನಿನ್ನೆ ಮದುವೆ ಜವಳಿಯವರು ಬಂದಿದ್ರು. ಸೀರೆ ಬಿಡಿಸಿ, ಮಡಚಿ, ಅವರು ಹೋಗುವಷ್ಟರಲ್ಲಿ ಕಾಲು ಸೋತು ಗೋಡೆ ಹಿಡಿದೆ. ವೆಂಕಟಣ್ಣನಿಗೆ ಸಿಟ್ಟು ನೆತ್ತಿಗೇರಿತು.

"ಕುರ್ಚಿ ಇದ್ರೂ ಕೂಕಂಬುಕೆ ಎಂತ ಧಾಡಿ ನಿಂಗೆ? ನಾಳೆ ಯೋಜನೆಯವ್ರ್ ಬಂದ್ ಕೇಂಡ್ರೆ ನನ್ ಮರ್ಯಾದಿ ಹೋತ್ತ್!"

ನನಗೆ ಅಳುವೇ ಬಂತು. "ನೀವ್ ನಿಂತ್ಕಂಡಿದ್ರೆ ನಾನ್ ಹ್ಯಾಂಗ್ ಕೂಕಂಬುದ್?"

ಅದು ಅವರ ತಲೆಗೇ ಹೋಗಿರಲಿಲ್ಲ. ಆಮೇಲೆ ಬಟ್ಟೆ ಗಂಟಿನ ಮೇಲೆ ಮೆಲ್ಲ ಕೂತ್ರು. ಕೂರುವಾಗ "ಅಮ್ಮಾ" ಅಂದ್ರು. ಪಂಚೆಯ ಕೆಳಗೆ ಅವರ ಪಾದವೂ ನನ್ನ ಹಾಗೇ ಬಾತಿತ್ತು.

ನಾನೂ ಕೂತೆ.

"ಮುಂದಿನ್ ತಿಂಗ್ಳ್ ನಂಗೂ ಒಂದ್ ಕುರ್ಚಿ ತರುವ. ನೀನೇ ಆರ್ಸ್," ಅಂದ್ರು.

ಮುಂದಿನ ತಿಂಗಳು! ಹಾಗಾದ್ರೆ ನಾನು ಇರ್ತೇನಾ? ಕೇಳಬೇಕು ಅನ್ನುವಷ್ಟರಲ್ಲಿ ಗಿರಾಕಿ ಒಳಗೆ ಬಂದ್ರು. ಇಬ್ಬರೂ ಧಡಕ್ಕನೆ ಅರ್ಧ ಎದ್ದೆವು. ವೆಂಕಟಣ್ಣ ಒಳಗೆ ಬಂದ ಲಕ್ಷ್ಮಿಯನ್ನು ಒಮ್ಮೆ ನೋಡಿದ್ರು, ನನ್ನನ್ನೊಮ್ಮೆ ನೋಡಿದ್ರು.

"ಹೆಣೇ," ಅಂತ ಸಣ್ಣ ದನಿಯಲ್ಲಿ ನನ್ನನ್ನೇ ಕೇಳಿದ್ರು, "ಈಗ ಏಳುದಾ, ಕೂಕಂಬುದಾ?"