ಬೆನ್ನ ಹಿಂದಿನ ಕೊಂಡಿ

ಕೊನೆಗೆ ಉಲ್ಕಾವೀರ ತಾನಾಗಿಯೇ ಕಲ್ಲನ್ನು ಬಿಟ್ಟನೋ, ಅವನ ತಂಗಿ ತಾರಾ ಅದನ್ನು ಬಿಡಿಸಿದಳೋ? ತೆಲುಗಿನ ಆ ಸಿನಿಮಾದ ಮೂರನೆಯ ಮತ್ತು ಕೊನೆಯ ಭಾಗ ಬಂದಾಗಿನಿಂದ ಹೈದರಾಬಾದಿನಲ್ಲಿ ಈ ಪ್ರಶ್ನೆಯನ್ನು ಕೇಳದ ಚಹಾದಂಗಡಿ ಇರಲಿಲ್ಲ. ಆಟೋದವರು ಸಿಗ್ನಲಿನಲ್ಲಿ ನಿಂತು ಇದಕ್ಕೇ ಜಗಳಾಡುತ್ತಿದ್ದರು. ಆದರೆ ಇದನ್ನು ಹಾಡಿ ಬಗೆಹರಿಸಿಕೊಳ್ಳಲು ಹೊರಟವರು ಇಡೀ ಊರಿನಲ್ಲಿ ಒಂದೇ ಗುಂಪಿನವರು, ದುಡಿಯಲು ಬಂದು ಇಲ್ಲಿ ನೆಲೆಸಿದ ಕನ್ನಡದ ಗೀಗೀ ಹಾಡುಗಾರರು. ಅವರು ಭಾನುವಾರ ಮಧ್ಯಾಹ್ನ ಬೇಗಂ ಬಜಾರಿನ ಶಿವಶರಣಪ್ಪನವರ ಸ್ಟೀಲ್ ಪಾತ್ರೆಗಳ ಗೋದಾಮಿನಲ್ಲಿ ಸೇರಿದ್ದರು.

ಅಂಬಾದಾಸ ತುಂತುಣಿಯ ತಂತಿಯನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದ. ಅದು ಆಗಲೇ ಸರಿಯಾಗಿತ್ತು. ಸರಿಯಾಗಿದೆ ಎಂದು ಅವನಿಗೂ ಗೊತ್ತಿತ್ತು. ಆದರೂ ಕೈ ಸುಮ್ಮನಿರಲಿಲ್ಲ.

"ಲೇ, ತಂತಿ ಹರೀತದ ಬಿಡೋ," ಎಂದ ಪಕ್ಕದಲ್ಲಿ ತಾಳ ಹಿಡಿದು ಕೂತಿದ್ದ ಕಲ್ಲೇಶ. "ಪರೀಕ್ಷಾಕ್ಕ ಕುಂತಂಗ ಕುಂತೀಯಲ್ಲ."

"ಪರೀಕ್ಷಾನೇ ಅಲ್ಲೇನು ಇದು?"

ಅವನ ಮಟ್ಟಿಗೆ ಅದು ನಿಜವಾಗಿತ್ತು. ಹಗಲು ಶಂಶಾಬಾದಿನ ವಿಮಾನ ಸರಕಿನ ಶೆಡ್ಡಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು, ಸಂಜೆ ಡಿಗ್ರಿ ತರಗತಿಗೆ ಹೋಗುವುದು, ಬಿಡುವಿನಲ್ಲಿ ಸೋದರಮಾವ ಮೌನಪ್ಪನ ಹಿಂದೆ ನಿಂತು ಹಾಡುವುದು, ಇದು ಅಂಬಾದಾಸನ ಬದುಕು. ಮೌನಪ್ಪ ಮಣಿಕೊಂಡದಲ್ಲಿ ಅಪಾರ್ಟ್‌ಮೆಂಟು ಕಟ್ಟುವ ಮೇಸ್ತ್ರಿ, ಗೀಗೀ ಪದದ ಮುಮ್ಮೇಳದ ಹಾಡುಗಾರ. ದಪ್ಪು ಬಡಿಯುತ್ತ ನುಡಿ ಕಟ್ಟುವವನು ಅವನು. ಅವನು ಬಿಟ್ಟ ಸಾಲನ್ನು ಹಿಡಿದು 'ಗೀಯ ಗೀಯ' ಎಂದು ಎಳೆದು ಕೊಡುವುದು ಹಿಮ್ಮೇಳದ ಅಂಬಾದಾಸನ ಕೆಲಸ. ಮೀಸೆ ಮೂಡುವ ಮೊದಲಿನಿಂದಲೂ ಅವನು ಎಳೆದುಕೊಡುತ್ತಲೇ ಬಂದಿದ್ದ.

ಈಚೆಗೆ ಮೌನಪ್ಪನ ಗಂಟಲು ಸಿಮೆಂಟಿನ ಧೂಳಿಗೆ ಕಟ್ಟತೊಡಗಿತ್ತು. ಹೋದ ವಾರ ಅವನು ಅಳಿಯನನ್ನು ಕರೆದು ಹೇಳಿದ್ದ: "ಐತವಾರ ನಾವು ಗೆದ್ದಿವಿ ಅಂದ್ರ, ರಾಜ್ಯೋತ್ಸವದ ಸ್ಟೇಜಿನ ಮ್ಯಾಲ ಮುಂದ ನಿಂದರಾಂವ ನೀನು. ಸೋತಿವೋ, ಇನ್ನೊಂದ ವರ್ಷ ತಡಿ. ಸೋತ ಮ್ಯಾಳಾ ಹೊಸಬಗ ಕೊಡಾಕ ಬರೂದಿಲ್ಲ."

ಮುಂದೆ ನಿಲ್ಲುವುದು! ಅಂದಿನಿಂದ ಅಂಬಾದಾಸನಿಗೆ ಅನ್ನ ಸೇರಿರಲಿಲ್ಲ. ನನ್ನಿಂದ ಆದೀತೇ ಎಂಬ ಅಳುಕು ಒಂದು ಕಡೆಗಿತ್ತು, ಆಗದಿದ್ದರೆ ಹೇಗೆ ಎಂಬ ಆಸೆ ಇನ್ನೊಂದು ಕಡೆಗಿತ್ತು. ಮೇಲಾಗಿ ಯಾರಿಗೂ ಹೇಳಲಾಗದ ಒಂದು ಗುಟ್ಟೂ ಇತ್ತು. ಸಿನಿಮಾವನ್ನು ಎಷ್ಟು ಸಲ ನೋಡಿದರೂ ಅವನಿಗೆ ತಾರಾಳೇ ಕಲ್ಲು ಬಿಡಿಸಿದಳು ಎನಿಸುತ್ತಿತ್ತು.

ಹಾಗೆನ್ನಲು ಅವನಿಗೆ ಹಕ್ಕಿರಲಿಲ್ಲ. ಗೀಗೀಯಲ್ಲಿ ಪಕ್ಷ ಹುಟ್ಟಿನಿಂದ ಬರುತ್ತದೆ. ಜೇವರ್ಗಿ ಕಡೆಯ ಮೌನಪ್ಪನ ಮನೆತನ ಹರದೇಶಿ. ಶಿವನೇ ಹೆಚ್ಚು, ಗಂಡೇ ಹೆಚ್ಚು ಎಂದು ಹಾಡುವವರು. ಎದುರಿಗೆ ಚಾಪೆಯ ಮೇಲೆ ಕೂತ ಗದಿಗೆಮ್ಮ ಮತ್ತು ಅವಳ ಮಗಳು ಶಿವಗಂಗಾ ಸಿಂದಗಿ ಕಡೆಯ ನಾಗೇಶಿಯವರು. ಶಕ್ತಿಯೇ ಹೆಚ್ಚು, ಹೆಣ್ಣೇ ಹೆಚ್ಚು ಎನ್ನುವವರು. ಎರಡನೆಯ ಭಾಗ ಬಂದಾಗ ಎರಡೂ ಕಡೆಯ ಹುಡುಗರು ಸಿನಿಮಾದ ಸಲುವಾಗಿ ಕೈಕೈ ಹತ್ತುವ ಮಟ್ಟಕ್ಕೆ ಹೋಗಿದ್ದರು. ಆಗ ಶಿವಶರಣಪ್ಪನವರು, "ಬಡದಾಡಬ್ಯಾಡ್ರಿ, ಹಾಡ್ರಿ. ಜಾಗಾ ನಾ ಕೊಡ್ತೀನಿ, ಚಹಾ ನಾ ಕೊಡ್ತೀನಿ, ಯಾರು ಗೆದ್ರು ಅನ್ನೂ ನಿಕಾಲಿ ನಾನೇ ಮಾಡ್ತೀನಿ," ಎಂದಿದ್ದರು. ಹಾಗೆ ಉಲ್ಕಾವೀರ ಹರದೇಶಿಯವರ ಪಾಲಿಗೆ ಬಂದ, ತಾರಾ ನಾಗೇಶಿಯವರ ಪಾಲಿಗೆ ಹೋದಳು.

ಜಗಳಕ್ಕೆಲ್ಲ ಮೂಲ ಸಿನಿಮಾದ ಕೊನೆಯ ದೃಶ್ಯ. ಉಲ್ಕಾವೀರನ ಶಕ್ತಿಯೆಲ್ಲ ಆಕಾಶದಿಂದ ಬಿದ್ದ ಒಂದು ನೀಲಿ ಕಲ್ಲಿನಲ್ಲಿದೆ. ತಾರಾ ಮಾಡಿಕೊಟ್ಟ ಕವಚದ ಎದೆಯಲ್ಲಿ ಆ ಕಲ್ಲು ಕೂತಿದೆ. ಊರಿನ ಮೇಲೆ ಇಳಿಯುತ್ತಿರುವ ಬೆಂಕಿಯುಂಡೆಯನ್ನು ಸೆಳೆಯುತ್ತಿರುವುದೂ ಅದೇ ಕಲ್ಲು. ಅವನು ಅದನ್ನು ತೊಟ್ಟಿರುವವರೆಗೆ ಊರಿಗೆ ಉಳಿವಿಲ್ಲ, ಬಿಟ್ಟರೆ ಅವನಿಗೆ ಶಕ್ತಿಯಿಲ್ಲ. ಮುರಿದ ಗೋಪುರದ ತುದಿಯಲ್ಲಿ ಅಣ್ಣ ನಿಂತಿದ್ದಾನೆ, ತಂಗಿ ಓಡಿ ಬರುತ್ತಾಳೆ, ಪರದೆಯೆಲ್ಲ ಬೆಳ್ಳಗಾಗುತ್ತದೆ. ಬೆಳಕು ಇಳಿದಾಗ ಕವಚ ನೆಲದ ಮೇಲೆ ಬಿದ್ದಿದೆ, ಕಲ್ಲು ಆರಿದೆ, ಅವನು ಮೊಣಕಾಲೂರಿದ್ದಾನೆ, ಅವಳು ಅವನ ಹಿಂದೆ ನಿಂತಿದ್ದಾಳೆ. ಊರು ಉಳಿದಿದೆ. ನಡುವೆ ಏನಾಯಿತೆಂದು ನಿರ್ದೇಶಕ ತೋರಿಸಲೇ ಇಲ್ಲ.

"ಶುರು ಮಾಡ್ರೆಪಾ," ಎಂದರು ಶಿವಶರಣಪ್ಪ, ಮಗುಚಿದ ದೊಡ್ಡ ಹಂಡೆಯ ಮೇಲೆ ಕೂತು. "ಮೊದಲ ಹರದೇಶಿ. ಗದ್ದಲ ಮಾಡಬ್ಯಾಡ್ರಿ, ಪಾತ್ರಿ ಬಿದ್ದಾವು."

ಮೌನಪ್ಪ ದಪ್ಪನ್ನು ಎದೆಗೆ ಆನಿಸಿ ಬಡಿದ. ಸುತ್ತ ಗುಡ್ಡದಂತೆ ಪೇರಿಸಿದ್ದ ತಟ್ಟೆ, ಡಬರಿ, ಕೊಡಗಳೆಲ್ಲ ಝುಂ ಎಂದವು.

"ಊರ ಮ್ಯಾಲ ಬೆಂಕಿಯುಂಡಿ ಇಳಿದು ಬರುವಾಗ
ಎದಿಯ ಕೊಟ್ಟು ನಿಂತವ ಯಾರ, ಹೇಳ ತಂಗೀ ನೀ?
ಮೈಯ ಕವಚ ತಾನೇ ಕಳಚಿ ಕಲ್ಲ ಒಗೆದಾಂವ
ಕೈಲಾಸದವನ ಕುಲದವನೇ, ಕೇಳ ತಂಗೀ ನೀ!"

ಅಂಬಾದಾಸ ಸಾಲಿನ ತುದಿ ಹಿಡಿದು ಗೀಯ ಎಂದು ಎಳೆದ. ಕಲ್ಲೇಶನ ತಾಳ ಅದರ ಮೇಲೆ ಕುಣಿಯಿತು. ಹಿಂದೆ ಕೂತಿದ್ದ ಹುಡುಗರು ಶಿಳ್ಳೆ ಹೊಡೆದರು. ಒಬ್ಬ ತೆಲುಗಿನಲ್ಲಿ "ಅದಿರಿಂದಿ ಮಾಮಾ!" ಎಂದು ಕೂಗಿದ.

ಶಿವಗಂಗಾ ನಿಧಾನವಾಗಿ ಎದ್ದಳು. ಬೆಳಿಗ್ಗೆಯ ಪಾಳಿ ಮುಗಿಸಿ ಬಂದಿದ್ದ ಅವಳ ಕುತ್ತಿಗೆಯಲ್ಲಿ ವಿಮಾನ ನಿಲ್ದಾಣದ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು.

"ಮಾವಾರ, ನಿಮ್ಮ ಹೀರೋ ಎದಿ ಕೊಟ್ಟಾನ ಖರೆ. ಮೊದಲನೇ ಸಿನಿಮಾದಾಗ ಹಾರಾಕ ಹೋಗಿ ಕೆರ್‍ಯಾಗ ಬಿದ್ದಾಗ ಎತ್ತಿದವ್ರು ಯಾರ್ರಿ? ಅವಾಗ ಕೈಲಾಸದವರು ಸೂಟಿ ಮ್ಯಾಲ ಇದ್ರೇನು?"

ಗೋದಾಮು ನಕ್ಕಿತು. ಗದಿಗೆಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಮೌನಪ್ಪನೂ ಮೀಸೆಯೊಳಗೆ ನಕ್ಕು, "ಮಾತ ಬ್ಯಾಡ, ಪದಾ ಹಾಡವಾ," ಎಂದ.

ಅವಳು ಹಾಡಿದಳು. ಇವನು ಹಾಡಿದ. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು. ಮೌನಪ್ಪ ಎರಡನೆಯ ಭಾಗದ ರೈಲಿನ ಕಾಳಗವನ್ನು ಎತ್ತಿ ತಂದರೆ, ಅವಳು ಆ ರೈಲಿನ ಬ್ರೇಕು ಎಳೆದವಳು ಯಾರೆಂದು ಕೇಳಿದಳು. ಚಹಾ ಬಂತು, ಯಾರೂ ಕುಡಿಯಲಿಲ್ಲ. ಪಕ್ಕದ ಬೀದಿಯ ಹಮಾಲರು ಬಂದು ಬಾಗಿಲಲ್ಲಿ ನಿಂತರು. ಕನ್ನಡ ತಿಳಿಯದ ಒಬ್ಬ, "ಕ್ಯಾ ಬೋಲ್ ರಹೀ?" ಎಂದು ಕೇಳಿದರೆ, ಇನ್ನೊಬ್ಬ ಅವನ ಕಿವಿಯಲ್ಲಿ ಕಥೆ ಹೇಳಿದ. ಅವನೂ ಕೂಡಲೇ ತಾರಾಳ ಪಕ್ಷ ಸೇರಿಬಿಟ್ಟ.

ಅಂಬಾದಾಸನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ನಾವು ಗೆಲ್ಲುತ್ತಿದ್ದೇವೆ ಎಂದು ಒಮ್ಮೆ ಅನಿಸುತ್ತಿತ್ತು, ಮರುಗಳಿಗೆಗೆ ಇಲ್ಲ ಎನಿಸುತ್ತಿತ್ತು. ಮಾವನ ಗಂಟಲು ಒಂದು ಕಡೆ ಬಿರುಕು ಬಿಟ್ಟಿತು. ಆಗ ಅವನು ತನ್ನ ದನಿಯನ್ನು ಒಂದು ಪಟ್ಟು ಏರಿಸಿ ಆ ಬಿರುಕನ್ನು ಮುಚ್ಚಿದ. ಯಾರಿಗೂ ಅದು ತಿಳಿಯಲಿಲ್ಲ. ಮಾವನಿಗೆ ಮಾತ್ರ ತಿಳಿಯಿತು. ಅವನು ತಿರುಗಿ ನೋಡಿ ಹುಬ್ಬು ಹಾರಿಸಿದ. ಅಷ್ಟಕ್ಕೇ ಅಂಬಾದಾಸ ಆಗಲೇ ರಾಜ್ಯೋತ್ಸವದ ಸ್ಟೇಜಿನ ಮೇಲಿದ್ದ.

"ಆಖರಿ ಸುತ್ತು," ಎಂದರು ಶಿವಶರಣಪ್ಪ. "ಜವಾಬಿಲ್ಲದ ಸವಾಲು ಯಾರು ಹಾಕ್ತಾರ, ಅವರು ಗೆದ್ದಂಗ."

ಶಿವಗಂಗಾ ದಪ್ಪನ್ನು ಬಡಿಯಲೇ ಇಲ್ಲ. ಬೆರಳ ತುದಿಯಿಂದ ಸುಮ್ಮನೆ ತಟ್ಟುತ್ತ, ಕಥೆ ಹೇಳುವವಳ ಹಾಗೆ ಕೆಳದನಿಯಲ್ಲಿ ಎತ್ತಿಕೊಂಡಳು.

"ಬೆನ್ನ ಹಿಂದ ಕೊಂಡಿ ಐತಿ, ಕೈಯ ಮುಟ್ಟೀತೇನ?
ಒಂದರಾಗ ಅದನ ಹಾಕಿದಾಕಿ ತಾರಾ ಅಲ್ಲೇನ?
ಎರಡರಾಗ ಮುರಿದ ಕೊಂಡಿ ಬೆಸೆದು ಕೊಟ್ಟಾಕಿ,
ಮೂರರಾಗ ಬಿಚ್ಚಿದಾಕಿ ಬ್ಯಾರೆ ಇದ್ದಾಳೇನ?"

ಕೊಂಡಿ! ಅಂಬಾದಾಸನ ಕಣ್ಣ ಮುಂದೆ ಮೂರೂ ಸಿನಿಮಾಗಳು ಒಟ್ಟಿಗೆ ಓಡಿದವು. ಹೌದು, ಮೊದಲ ಭಾಗದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಬರುವ ಆ ದೃಶ್ಯ. ತಾರಾ ಸ್ಟೂಲಿನ ಮೇಲೆ ಹತ್ತಿ ಅಣ್ಣನ ಬೆನ್ನ ಮೇಲೆ ಕವಚದ ಕೊಂಡಿ ಸಿಕ್ಕಿಸುತ್ತಾಳೆ. ಎರಡನೆಯದರಲ್ಲಿ ಕಿಡಿ ಹಾರಿಸಿ ಅದನ್ನೇ ಬೆಸೆಯುತ್ತಾಳೆ. ಇಷ್ಟು ದಿನ ತಾನು ಯಾಕೆ ಅಂದುಕೊಳ್ಳುತ್ತಿದ್ದೇನೆಂದು ತಿಳಿಯದೆ ಅಂದುಕೊಳ್ಳುತ್ತಿದ್ದುದಕ್ಕೆ ಸಾಕ್ಷಿ ಇಲ್ಲಿತ್ತು. ಮೇಲಾಗಿ ಎಂಥ ಸಾಲು! ಕೊನೆಗೆ ಬಂದು ಹೇಗೆ ನಿಂತಿತು!

ಸಾಲು ನಿಂತಲ್ಲಿ ಅವನ ಗಂಟಲು ತಾನಾಗಿ ಎದ್ದಿತು.

"ಗೀಯ ಗೀಯಾ..."

ಅವನೇ ಎಳೆದಿದ್ದ. ತುಂತುಣಿಯೂ ನುಡಿದಿತ್ತು. ಮೀಸೆ ಮೂಡುವ ಮೊದಲಿನ ಅಭ್ಯಾಸ, ಒಳ್ಳೆಯ ಸಾಲು ಬಿದ್ದಲ್ಲಿ ಎತ್ತುವುದು. ಅದು ಯಾರ ಸಾಲೆಂದು ಗಂಟಲು ಕೇಳಲಿಲ್ಲ. ಅವನ ಹಿಂದೆಯೇ, ಅದೇ ಅಭ್ಯಾಸಕ್ಕೆ, ಕಲ್ಲೇಶನ ತಾಳವೂ ಕುಟ್ಟಿಬಿಟ್ಟಿತು.

ಆಮೇಲೆ ನಾಗೇಶಿಯ ಕಡೆಯಿಂದ ಎದ್ದ ಗದ್ದಲಕ್ಕೆ ಮೇಲಿನಿಂದ ನಿಜವಾಗಿಯೂ ಒಂದು ತಟ್ಟೆ ಉರುಳಿ ಬಿತ್ತು.

"ಎತ್ತಿದಾ! ಹರದೇಶಿಯಾಂವ ನಮ್ಮ ನುಡಿ ಎತ್ತಿದಾ!"

"ಒಪ್ಪಿದಂಗಾತ್ರಿ, ಶಿವಶರಣಪ್ಪನವರ! ಹಿಮ್ಮೇಳ ಒಪ್ಪಿದ್ರ ಮ್ಯಾಳಾ ಒಪ್ಪಿದಂಗ!"

ಮೌನಪ್ಪ ದಪ್ಪನ್ನು ಕೆಳಗಿಳಿಸಿದ. ಅವನ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. "ಏನ ಮಾಡಿದೆಲೇ ಅಂಬ್ಯಾ? ಜವಾಬು ಬಾಯಾಗಿತ್ತಲ್ಲೋ ನನಗ!"

"ಮಾವಾ, ನಾ... ತಪ್ಪಾತು ಮಾವಾ. ಬಾಯಿ ತಾನೇ..."

"ಬಾಯಿ ತಾನೇ ಅಂತ! ನಿನ್ನ ಬಾಯಿ ಆಕಿ ಬಾಡಿಗಿ ತಗೊಂಡಾಳೇನು?"

ಅಂಬಾದಾಸನ ಕಿವಿ ಕಾದವು. ರಾಜ್ಯೋತ್ಸವ ಹೋಯಿತು, ಸ್ಟೇಜು ಹೋಯಿತು. ಇನ್ನೊಂದು ವರ್ಷವಲ್ಲ, ಇನ್ನು ಹಿಮ್ಮೇಳಕ್ಕಾದರೂ ಕರೆಯುತ್ತಾರೋ ಇಲ್ಲವೋ. ತುಂತುಣಿಯನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದ. ಬಾಗಿಲ ತುಂಬ ಹಮಾಲರು.

"ಎಲ್ಲಿ ಹೊಂಟಿ?" ಚಾಪೆಯ ಮೇಲಿಂದಲೇ ಗದಿಗೆಮ್ಮ ಕೇಳಿದಳು. "ಎದುರಿನವರ ನುಡಿ ಎತ್ತಿದಾಂವ ಎದ್ದು ನಿಂತು ಅದರ ಮ್ಯಾಲ ಇನ್ನೊಂದ ನುಡಿ ಕಟ್ಟಬೇಕು. ಹಿರ್‍ಯಾರ ಕಾಲದ ಕಟ್ಟಳಿ. ಹೌದಲ್ಲೋ ಮೌನಪ್ಪಾ?"

ಮೌನಪ್ಪ ಬೇರೆಡೆ ನೋಡುತ್ತ, "ಹೌದು," ಎಂದ. ಕಟ್ಟಳೆ ಅವನಿಗೆ ಮಾನಕ್ಕಿಂತ ದೊಡ್ಡದು.

"ಅವಗೆಲ್ಲಿ ಕಟ್ಟಾಕ ಬರ್ತೈತಿ," ಎಂದು ಯಾರೋ ನಕ್ಕರು. ಅದನ್ನು ಕೇಳಿ ಅಂಬಾದಾಸ ಎದ್ದ. ಮುಂದೆ ಬಂದು ನಿಂತ. ಹಿಂದೆ ಗೀಯ ಹಿಡಿಯಲು ಯಾರೂ ಇರಲಿಲ್ಲ. ಬೆನ್ನು ಬರಿದೆನಿಸಿತು. ಏನು ಹಾಡುವುದು? ಕೊಂಡಿ ಬಿಚ್ಚಿದವಳು ತಾರಾ, ಅದು ಸುಳ್ಳಲ್ಲ. ಆದರೆ ಅವಳು ಸ್ಟೂಲು ಹತ್ತಿ ಹಾಕಿದ ಕೊಂಡಿ ಅದು. ಮುರಿದ ಗೋಪುರದ ತುದಿಯಲ್ಲಿ ಸ್ಟೂಲು ಎಲ್ಲಿತ್ತು? ಬೆಳಕು ಇಳಿದಾಗ ಅವನು ಮೊಣಕಾಲೂರಿದ್ದ. ಸೋತು ಬಿದ್ದನೆಂದು ಇಡೀ ಊರು ತಿಳಿದಿತ್ತು.

ಬಿದ್ದನೇ?

ನುಡಿ ಪೂರ್ತಿಯಾಗಿರಲಿಲ್ಲ, ತಪ್ಪೋ ಸರಿಯೋ ಎಂದು ತೂಗಿ ನೋಡಲು ಪುರುಸೊತ್ತಿರಲಿಲ್ಲ. ಅವನು ಬಾಯಿ ತೆರೆದ.

"ಕೊಂಡಿ ಬಿಚ್ಚಿದಾಕಿ ತಾರಾ, ಸುಳ್ಳು ಹಾಡಲಾರೆ,
ಅಣ್ಣನ ನಡಕ್ಕ ಬರುವ ಹುಡುಗಿ, ಕೈಯ ಎಟಕೀತ ಹ್ಯಾಂಗ?
ಮುಗಿಲ ಹೊತ್ತ ಬೆನ್ನ ಮಣಿಸಿ ಮಂಡಿಯೂರಿದವ,
ಬಿದ್ದವನಲ್ಲ, ಬಾಗಿದವ, ನೋಡ್ರೋ ಹಿಂದಿರುಗಿ ಹಂಗ!"

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪಿದೆ, ಎಂದುಕೊಂಡ ಅಂಬಾದಾಸ.

"ಯವ್ವಾ," ಎಂದಳು ಶಿವಗಂಗಾ ಮೆಲ್ಲಗೆ. "ಬಾಗಿದ್ನಲ್ಲ ಅವ. ಆಕಿಗೆ ಎಟಕಲಿ ಅಂತ ಬಾಗಿದ್ದ."

ಆಮೇಲೆ ಗೋದಾಮು ಒಡೆಯುವಂತೆ ಕೂಗಾಯಿತು. ಹುಡುಗರು ತಟ್ಟೆಗಳನ್ನೇ ಎತ್ತಿಕೊಂಡು ಬಡಿದರು, ಶಿವಶರಣಪ್ಪ "ಮಾಲು, ಮಾಲು, ಲೇ!" ಎಂದು ಚೀರಿದರು. ಕಲ್ಲೇಶ ಅಂಬಾದಾಸನನ್ನು ಅಪ್ಪಿಕೊಂಡು, "ಮತ್ತೊಮ್ಮೆ ನೋಡಬೇಕಲೇ ಪಿಚ್ಚರು, ಇವತ್ತ ಸಂಜಿಗೇ!" ಎಂದ. ಹಮಾಲರೊಳಗೊಬ್ಬ ಕಣ್ಣೊರೆಸಿಕೊಂಡ.

"ಹಂಗಾರ ಯಾರು ಗೆದ್ದಂಗಾತು?" ಶಿವಶರಣಪ್ಪ ಹಂಡೆಯ ಮೇಲೆ ಎದ್ದು ನಿಂತು ತಲೆ ಕೆರೆದುಕೊಂಡರು. "ಹಾಡಿದಾಂವ ಹರದೇಶಿ, ಎತ್ತಿದ್ದು ನಾಗೇಶಿ. ನಿಕಾಲಿ ಹ್ಯಾಂಗ ಮಾಡ್ಲಿ ನಾನು?"

"ಇಂವ ಇನ್ನ ನಮ್ಮಾಂವ," ಎಂದಳು ಶಿವಗಂಗಾ. "ನಮ್ಮ ನುಡಿ ಮ್ಯಾಲ ನುಡಿ ಕಟ್ಟ್ಯಾನ."

ಅಂಬಾದಾಸ ಮಾವನ ಕಡೆ ನೋಡಿದ. ಮೌನಪ್ಪ ಬಗ್ಗಿ ದಪ್ಪನ್ನು ಎತ್ತಿಕೊಳ್ಳುತ್ತಿದ್ದ. ಹೊರಟನೆಂದೇ ಅಂಬಾದಾಸ ತಿಳಿದ. ಆದರೆ ಮೌನಪ್ಪ ನಡುವೆ ಬಂದು, ಶಿವಗಂಗಾಳಿಗಲ್ಲ, ಅಳಿಯನಿಗೆ ಎದುರಾಗಿ ನಿಂತ. ಕೆಮ್ಮಿ ಗಂಟಲು ಸರಿ ಮಾಡಿಕೊಂಡ. ದಪ್ಪು ಝಲ್ಲೆಂದಿತು.

"ಬಾಗಿದವ ಬಾಗಿದನಂತ ನೀನೇ ಹೇಳಿದಿ,
ಬಾಗಿಸಿದವರ ಯಾರೋ ಅವನ, ಅಂಬಾದಾಸಾ ನೀ?
ತಾನೇ ಬಾಗಿದ ಮ್ಯಾಲ ಗೆದ್ದವ ಹರನೋ ಅಲ್ಲೇನೋ?
ಜವಾಬ ಕೊಟ್ಟು ಮುಂದಕ ನಡಿ, ಅಂಬಾದಾಸಾ ನೀ!"

ಸವಾಲಿನಲ್ಲಿ ಹೆಸರು ಹಿಡಿದು ಕೇಳುವುದು ಮುಮ್ಮೇಳದವರನ್ನು ಮಾತ್ರ. ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

"ಮಾವಾ, ರಾಜ್ಯೋತ್ಸವ..."

"ಅವತ್ತ ನಾ ಈ ಕಡೆ ಮುಂದ, ನೀ ಆ ಕಡೆ ಮುಂದ," ಎಂದ ಮೌನಪ್ಪ, ಏದುಸಿರಿನ ನಡುವೆ. ಅವನ ಕಣ್ಣು ಸಿಟ್ಟಿನದೋ ಖುಷಿಯದೋ ಹೇಳಲು ಬರುವಂತಿರಲಿಲ್ಲ. "ಬಿಡೂದಿಲ್ಲ ನಿನ್ನ. ಈಗ ಜವಾಬ ಕೊಡು."

ಶಿವಗಂಗಾ ತನ್ನ ದಪ್ಪನ್ನು ತಂದು ಅಂಬಾದಾಸನ ಎದೆಗೆ ಒತ್ತಿ ಹಿಂದೆ ಸರಿದಳು. ಗದಿಗೆಮ್ಮ ಅವನ ತುಂತುಣಿಯನ್ನು ಎತ್ತಿಕೊಂಡು, ತಂತಿ ಮೀಟಿ ನೋಡಿ, ಅವನ ಬೆನ್ನ ಹಿಂದೆ ಬಂದು ನಿಂತಳು. ಜವಾಬಿನ ಮೊದಲ ಮಾತು ಮಾತ್ರ ಅವನಿಗೆ ಹೊಳೆದಿತ್ತು, ಎರಡನೆಯದು ಇನ್ನೂ ಕತ್ತಲಲ್ಲಿತ್ತು.

ಅವನು ದಪ್ಪು ಬಡಿದ.